ಬಾಯಿ ಇಲ್ಲದ ಸೊಸೆಯ ಪಿಕ್ಚರು

ಹೊಳಲ್ಕೆರೆ
9 ಮಾರ್ಚ್ 1997, ಭಾನುವಾರ

ನನ್ನ ಹೇಮಾ,

ನಿನ್ನ ಪತ್ರ ಬಂದು ವಾರವಾಯಿತು. ತುರುವನೂರಿನಲ್ಲಿ ಶನಿವಾರದ ಬೆಳಗಿನ ಶಾಲೆ ಮುಗಿಸಿ, ಸೆರಗಿಗೆ ಅಂಟಿದ ಸೀಮೆಸುಣ್ಣವನ್ನೂ ಕೊಡವದೆ ದುರ್ಗದ ಬಸ್ ಹತ್ತಿ ಆ ಸೊಸೆ ಪಿಕ್ಚರ್ ನೋಡಿದೆಯಂತೆ. ಎರಡು ಕರ್ಚೀಫು ಒದ್ದೆಯಾಯಿತಂತೆ. ನಾಯಕಿಯ ತಾಳ್ಮೆ ನೋಡಿ ನಾವೆಲ್ಲ ಕಲಿಯಬೇಕು ಎಂದು ಬೇರೆ ಬರೆದಿದ್ದೀಯ. ತಾಯೀ, ಆ ಪಿಕ್ಚರ್ ನಮ್ಮೂರಿಗೂ ಬಂತು. ನಾನೂ ನೋಡಿದೆ. ಈಗ ನನ್ನ ಅಭಿಪ್ರಾಯ ಕೇಳು.

ಹಾಡುಗಳು ಚೆನ್ನಾಗಿವೆ, ಒಪ್ಪಿದೆ. ಆದರೆ ಆ ಎರಡನೇ ಹಾಡು! ನಮ್ಮ ದುರ್ಗದ ಕೋಟೆಯ ಬಾಗಿಲಲ್ಲಿ ಕೈ ಹಿಡಿದುಕೊಂಡು ಓಡಲು ಶುರು ಮಾಡುತ್ತಾರೆ, ಆ ಕಡೆ ಹೊರಗೆ ಬಂದರೆ ಊಟಿ. ನನ್ನ ಪಕ್ಕ ಕುಳಿತಿದ್ದವರು ಕೇಳಿಯೇಬಿಟ್ಟರು, "ಕೋಟೆಯಿಂದ ಊಟಿಗೆ ಒಳದಾರಿ ಐತೇನೇ? ನಂಗೆ ಯಾರೂ ಹೇಳೇ ಇಲ್ಲ" ಎಂದು. ಇನ್ನು ನಾಯಕಿ ಗಂಡನ ಮನೆಯಿಂದ ಹೊರಬಿದ್ದು ಕಲ್ಲು ಒಡೆಯುತ್ತಾಳಲ್ಲ, ಬೆಳಗಿನಿಂದ ಸಂಜೆಯವರೆಗೆ ಒಡೆದರೂ ಮುಡಿದ ಮಲ್ಲಿಗೆ ಬಾಡುವುದಿಲ್ಲ. ನಾನು ಒಂದು ಕೊಡ ನೀರು ತರುವಷ್ಟರಲ್ಲಿ ನನ್ನ ಜಡೆ ಬಿಚ್ಚಿರುತ್ತದೆ.

ಪಕ್ಕ ಕುಳಿತಿದ್ದವರು ಯಾರು ಎಂದು ನೀನು ಕೇಳುತ್ತೀಯ. ನಮ್ಮ ಅತ್ತೆ. ಬಸಮ್ಮನವರು. ನಂಬು.

ಇದನ್ನು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಹೇಳಬೇಕು. ಪ್ರತಿ ಪತ್ರದ ಕೊನೆಗೂ ನೀನು, ಹೇಗಿದ್ದೀಯ ಸಹನಾ, ನಿಜ ಹೇಳು, ಎಂದು ಕೇಳುತ್ತಿದ್ದೆ. ನಾನು ಪ್ರತಿ ಸಲವೂ ನೀನು ಬರೆದ ಪಿಕ್ಚರಿನ ಕಥೆ ಹಿಡಿದು, ಅದನ್ನು ನೋಡದೆಯೇ ನಿನ್ನ ಜೊತೆ ವಾದ ಮಾಡಿ, ಪುಟ ತುಂಬಿತು ಎಂದು ಮುಗಿಸುತ್ತಿದ್ದೆ. ಮದುವೆಯಾದ ಮೇಲೆ ನಾನು ಥೇಟರಿನ ಮೆಟ್ಟಿಲು ಹತ್ತಿರಲಿಲ್ಲ. ಅದು ದೊಡ್ಡದಲ್ಲ. ಮಾತೇ ಆಡಿರಲಿಲ್ಲ.

ನಕ್ಕೆಯಾ? ಕಾಲೇಜಿನಲ್ಲಿ ಇಂಟರ್ವಲ್‌ವರೆಗೂ ಬಾಯಿ ಮುಚ್ಚಿಕೊಂಡಿರು ಎಂದು ನೀನು ನನ್ನ ತೊಡೆ ಚಿವುಟುತ್ತಿದ್ದವಳು. ಆದರೆ ಹೆಣ್ಣು ನೋಡಲು ಬಂದ ದಿನ ನಮ್ಮ ಅಮ್ಮ ಮುರುಗೇಶ್ ಮತ್ತು ಅವರ ಅವ್ವನ ಎದುರು ಏನು ಹೇಳಿದರು ಗೊತ್ತೇ? "ನಮ್ಮ ಹುಡುಗಿಗೆ ಬಾಯೇ ಇಲ್ಲ ಕಣ್ರಿ. ಹೆಸರಿಗೆ ತಕ್ಕ ಹಂಗೆ ಅವಳೆ." ಸಹನಾ ಎಂದು ಹೆಸರಿಟ್ಟ ತಪ್ಪಿಗೆ ನಾನು ಅದನ್ನು ನಿಜ ಮಾಡಬೇಕಾಯಿತು. ಮೊದಲ ದಿನ ನಾಚಿಕೆಗೆ ಸುಮ್ಮನಿದ್ದೆ. ಮಾರನೆಯ ದಿನ ಅಮ್ಮನ ಮಾತು ಉಳಿಸಲು ಸುಮ್ಮನಿದ್ದೆ. ಆಮೇಲೆ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯಲಿಲ್ಲ. ಅತ್ತೆ ಏನಾದರೂ ಕೇಳಿದರೆ ಹೂಂ, ಬೇಡವಾದರೆ ಉಹೂಂ. ಮುರುಗೇಶ್ ಬೆಳಗ್ಗೆ ಬಟ್ಟೆ ಅಂಗಡಿಗೆ ಹೋದರೆ ಕತ್ತಲಾದ ಮೇಲೆ ಬರುವುದು, ಉಂಡು, ಪೇಪರ್ ನೋಡಿ, ಮಲಗುವುದು. ಕೆಟ್ಟವರಲ್ಲ ಹೇಮಾ. ಒಂದು ದಿನವೂ ದನಿ ಏರಿಸಿದವರಲ್ಲ. ಆದರೆ ಆ ಮನೆಯಲ್ಲಿ ನಾನು ದಿನೇ ದಿನೇ ಕರಗುತ್ತಿದ್ದೆ. ಯುಗಾದಿಗೆ ದುರ್ಗದ ತವರಿಗೆ ಹೋದವಳು ವಾಪಸ್ ಬರುವುದೇ ಬೇಡ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಇದನ್ನು ನಿನಗೂ ಬರೆದಿರಲಿಲ್ಲ. ಬರೆದರೆ ನೀನು ಮೊದಲ ಬಸ್ಸಿಗೇ ಬಂದುಬಿಡುತ್ತಿದ್ದೆ.

ಹೀಗಿರುವಾಗ ಗುರುವಾರ ಮಧ್ಯಾಹ್ನ ಅತ್ತೆ ಇದ್ದಕ್ಕಿದ್ದಂತೆ ಒಳ್ಳೆಯ ಸೀರೆ ಉಟ್ಟುಕೊಂಡು ಬಂದು ನಿಂತರು. "ಏಳು, ಮ್ಯಾಟ್ನಿಗೆ ಹೋಗಾಣ" ಎಂದರು. ನಾನು ಹೂಂ ಎಂದೆ.

ಥೇಟರಿನಲ್ಲಿ ಹೆಂಗಸರ ಕಡೆ ತುಂಬಿಹೋಗಿತ್ತು. ಮೊದಲರ್ಧ ನಾನು ಹಲ್ಲು ಕಚ್ಚಿಕೊಂಡು ಕಳೆದೆ. ಇಂಟರ್ವಲ್‌ನಲ್ಲಿ ಅತ್ತೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಡಿಸಿ, ಪಿಕ್ಚರ್ ಹೆಂಗೈತೆ ಎಂದು ಕೇಳಿದರು. ಚೆನ್ನಾಗೈತೆ ಎಂದೆ, ಅಷ್ಟೇ. ಆಮೇಲೆ ಬಂತು ನೋಡು ನೀನು ಅತ್ತಿದ್ದ ಆ ಸೀನು. ಮನೆಯ ಬಳೆ ಕಳೆದಿದೆ. ಕದ್ದವಳು ವಾರಗಿತ್ತಿ. ಅದನ್ನು ನಾಯಕಿ ಕಣ್ಣಾರೆ ಕಂಡಿದ್ದಾಳೆ. ಅತ್ತೆ ಇವಳನ್ನೇ ಕಳ್ಳಿ ಎನ್ನುತ್ತಾಳೆ, ಗಂಡ ತಲೆ ತಗ್ಗಿಸುತ್ತಾನೆ, ಇವಳು ಮನೆತನದ ಮಾನ ಎಂದು ತುಟಿ ಹೊಲಿದುಕೊಂಡು ನಿಂತಿದ್ದಾಳೆ. ಸುತ್ತ ಎಲ್ಲರೂ ಸೊರಸೊರ ಎನ್ನುತ್ತಿದ್ದಾರೆ. ನಮ್ಮ ಅತ್ತೆ ಮಾತ್ರ ಕುರ್ಚಿಯಿಂದ ಅರ್ಧ ಎದ್ದು ಕೂಗಿದರು.

"ಹೇಳೇ! ನೀನೇ ನೋಡೀಯಲ್ಲೇ! ಬಾಯಿ ಬಿಟ್ಟು ಹೇಳೇ!"

ನನಗೆ ಏನಾಯಿತೋ. ಇಷ್ಟು ತಿಂಗಳು ಕಟ್ಟಿಟ್ಟಿದ್ದು ಒಮ್ಮೆಲೇ ಒಡೆಯಿತು. "ಹೇಳಾಕೆ ಎಲ್ಲಿ ಬಿಡ್ತಾರ್ರಿ ಅತ್ತೆ! ಅವಳು ಬಾಯಿ ತೆಗೆದಾಗೆಲ್ಲ ಆ ಮುದುಕಿ ಮುಚ್ಚು ಅಂತಾಳೆ!"

ಅತ್ತೆ ನನ್ನ ಕಡೆ ತಿರುಗಿದರು. "ಮುದುಕಿ ಮುಚ್ಚು ಅಂದ್ರೆ ಮುಚ್ಚಬೇಕಾ?"

"ಮುಚ್ಚದಿದ್ರೆ ಗಯ್ಯಾಳಿ ಅಂತಾರೆ!"

"ಅಂದ್ರೆ ಅನ್ಲಿ ಬಿಡು! ಅನ್ನಿಸ್ಕಂಡ್ರೆ ಮೈಯೇನು ಸವೀತದಾ?"

"ನಿಮಗೇನ್ರಿ, ಸುಲಭವಾಗಿ ಅಂತೀರ! ಹೊಸದಾಗಿ ಬಂದೋಳಿಗೆ ಗೊತ್ತು ಕಷ್ಟ!"

ಹಿಂದಿನ ಸಾಲಿನ ಹೆಂಗಸು, ಜಗಳ ಮನೇಲಿ ಆಡ್ಕಳ್ರಿ ಎಂದಳು. ಬಾಗಿಲು ಕಾಯುವ ಎತ್ತಪ್ಪ ಟಾರ್ಚು ಹಿಡಿದು ಬಂದು ನಮ್ಮಿಬ್ಬರ ಮುಖದ ಮೇಲೆ ಬೆಳಕು ಬಿಟ್ಟ. "ಅಮ್ಮಾರೆ, ಒಂದೀಟು ಪರದೆ ಮೇಲಿನೋರೂ ಮಾತಾಡ್ಲಿ" ಎಂದ. ಇಡೀ ಹೆಂಗಸರ ಕಡೆ ಅಳು ನಿಲ್ಲಿಸಿ ನಕ್ಕಿತು.

ನನಗೆ ನಗು ಬರಲಿಲ್ಲ. ಮುದುಕಿ ಎಂದುಬಿಟ್ಟಿದ್ದೆ, ಅದೂ ಅತ್ತೆಯ ಎದುರು. ಉಳಿದ ಪಿಕ್ಚರಿನಲ್ಲಿ ಕಲ್ಲು ಒಡೆಯುವಾಗಿನ ಆ ಮಲ್ಲಿಗೆ ಬಿಟ್ಟರೆ ಏನೂ ತಲೆಗೆ ಹೋಗಲಿಲ್ಲ. ಮನೆಯವರೆಗೂ ಅತ್ತೆ ಮುಂದೆ, ನಾನು ಹಿಂದೆ. ಇನ್ನು ಯುಗಾದಿಯವರೆಗೆ ಕಾಯುವುದೇನು, ನಾಳೆಯೇ ಕಳಿಸುತ್ತಾರೆ ಎಂದುಕೊಂಡೆ. ವಿಚಿತ್ರ ನೋಡು, ಹೋಗಬೇಕೆಂದು ಅಷ್ಟು ಹಂಬಲಿಸಿದ್ದವಳಿಗೆ ಆಗ ಹೋಗಲು ಮನಸ್ಸೇ ಬರಲಿಲ್ಲ.

ರಾತ್ರಿ ಮುರುಗೇಶ್ ಊಟಕ್ಕೆ ಕುಳಿತರು. ಅತ್ತೆ ಅವರ ತಟ್ಟೆಗೆ ಮುದ್ದೆ ಇಟ್ಟು ನೆಟ್ಟಗೆ ಕುಳಿತುಕೊಂಡರು. "ಲೇ ಮುರುಗೇಶ, ನಿನ್ ಹೆಂಡ್ತಿಗೆ ಬಾಯಿ ಐತೆ ಕಣೋ. ನನಗಿಂತ ಜೋರೈತೆ."

ಇವರು ನನ್ನನ್ನೂ ಅವರ ಅವ್ವನನ್ನೂ ನೋಡಿ, "ಯಾರಿಗೆ, ಇವಳಿಗಾ?" ಎಂದರು.

ಅತ್ತೆ ನನ್ನ ಕಡೆ ತಿರುಗಿದರು. "ಆ ಹುಡುಗಿ ಥರ ಕೊನೇ ರೀಲಿಗೆ ಅಂತ ಇಟ್ಕಬೇಡ. ಏನೈತೋ ಈಗ್ಲೇ ಹೇಳು. ಇಲ್ಲೇನು ಕಲ್ಲು ಒಡೆಯಾಕೆ ಕಳ್ಸಲ್ಲ ನಿನ್ನ."

ಮೊದಲು ಸಣ್ಣದೆಲ್ಲ ಹೇಳಿದೆ. ಟೀಗೆ ಸಕ್ಕರೆ ಹೆಚ್ಚು ಹಾಕುತ್ತೀರಿ ಎಂದೆ. ಮನೆಯಲ್ಲಿ ಯಾರೂ ನಗುವುದಿಲ್ಲ ಎಂದೆ. ಆಮೇಲೆ ದೊಡ್ಡದೂ ಬಂದುಬಿಟ್ಟಿತು. "ಹಬ್ಬಕ್ಕೆ ಹೋದೋಳು ವಾಪಸ್ ಬರಬಾರ್ದು ಅಂತ ಮಾಡಿದ್ದೆ."

ಮುರುಗೇಶರ ಕೈಯಲ್ಲಿದ್ದ ತುತ್ತು ಸಾರಿನಲ್ಲೇ ನಿಂತಿತು. "ನಾನೇನಂದೆ ನಿಂಗೆ?" ಎಂದು ಮೆಲ್ಲಗೆ ಕೇಳಿದರು.

"ಏನೂ ಅಂದಿಲ್ಲ. ಅದೇ ಮತ್ತೆ. ನೀವು ಏನೂ ಅನ್ನಲ್ಲ."

ಅವರು ತಟ್ಟೆ ಪಕ್ಕಕ್ಕೆ ಸರಿಸಿದರು. "ನಿಮ್ಮಮ್ಮ ಹೇಳಿದ್ರಲ್ಲ, ನೀನು ಮಾತಾಡಲ್ಲ ಅಂತ. ಮಾತು ಅಂದ್ರೆ ನಿಂಗೆ ಆಗಲ್ಲ ಅಂತ ನಾನು ತಿಳ್ಕಂಡೆ. ಸದ್ದಿಗೆ ತೊಂದ್ರೆ ಆಗ್ಬಾರ್ದು ಅಂತ ರೇಡಿಯೋನೂ ಅಂಗಡಿಗೆ ತಗಂಡೋದೆ."

ಹೇಮಾ, ನಾನು ಅಳಬೇಕೋ ನಗಬೇಕೋ. ಚಿತ್ರಗೀತೆ ಬರುವ ಹೊತ್ತಿಗೆ ನಾನು ಪಕ್ಕದ ಮನೆಯ ಗೋಡೆಗೆ ಕಿವಿ ಕೊಟ್ಟು ನಿಲ್ಲುತ್ತಿದ್ದೆ. ಇವರು ನನ್ನ ನೆಮ್ಮದಿಗೆಂದೇ ಮನೆಯ ರೇಡಿಯೋ ಹೊತ್ತುಕೊಂಡು ಹೋಗಿದ್ದರು! ನಾನು ನಕ್ಕೆ. ಇವರೂ ನಕ್ಕರು. ಇವರಿಗೆ ನಕ್ಕರೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ ಎಂದು ಆಗಲೇ ನೋಡಿದ್ದು.

ಆಮೇಲೆ ಇನ್ನೊಂದು ಕೇಳಿದೆ, ಧೈರ್ಯ ಇರುವಾಗಲೇ ಕೇಳಿಬಿಡೋಣ ಎಂದು. ಅಂಗಡಿಯಲ್ಲಿ ಕೂರುತ್ತೇನೆ ಎಂದೆ. ಇವರು ಅವ್ವನ ಮುಖ ನೋಡಿದರು. ಅತ್ತೆ, "ಲಂಗದ ಬಟ್ಟೆ ಕೇಳಾಕೆ ಹೆಂಗಸ್ರು ನಿನ್ ಮುಂದೆ ನಾಚ್ಕಂಡು ಆಚೆ ಅಂಗಡಿಗೆ ಹೋಗ್ತಾರೆ, ಇವಳು ಕುಂತ್ಕಳ್ಲಿ" ಎಂದರು. ಅಷ್ಟೇ. ಶುಕ್ರವಾರದಿಂದ ಹೋಗುತ್ತಿದ್ದೇನೆ. ಬಂದವರಲ್ಲಿ ಅರ್ಧ ಜನ ಆ ಪಿಕ್ಚರ್ ನೋಡಿದವರೇ. ಬ್ಲೌಸ್ ಪೀಸ್ ಆರಿಸುತ್ತಾ ನಾಯಕಿ ಮಾಡಿದ್ದು ಸರಿಯೋ ತಪ್ಪೋ ಎಂದು ದೊಡ್ಡ ಚರ್ಚೆ. ನಿನ್ನ ಪಕ್ಷದವರೂ ಇದ್ದಾರೆ. ಅವರಿಗೂ ಸೀರೆ ಮಾರಿದೆ, ಬೇಜಾರು ಮಾಡಿಕೊಳ್ಳಬೇಡ.

ಈಗ ನನ್ನ ತೀರ್ಮಾನ. ಹಾಡಿಗೆ ಮೆಚ್ಚುಗೆ, ಊಟಿಗೆ ನಗು, ಆ ಗಂಡನ ಪಾತ್ರಧಾರಿ ಸುಮಾರು. ನಾಯಕಿಯ ತಾಳ್ಮೆಗೆ ನೀನು ಎರಡು ಕರ್ಚೀಫು ಕೊಟ್ಟೆ, ನಾನು ಸೆರಗಿನ ಒಂದು ಚುಂಗೂ ಕೊಡುವುದಿಲ್ಲ. ಆಕೆ ಒಂದು ಮಾತು ಆಡಿದ್ದರೆ ನಾವೆಲ್ಲ ಇಂಟರ್ವಲ್‌ಗೇ ಮನೆಗೆ ಹೋಗಬಹುದಿತ್ತು. ಪಿಕ್ಚರ್ ಮಾಡಿದವರಿಗೆ ನಷ್ಟ, ಆಕೆಗೆ ಲಾಭ.

ನೀನೊಮ್ಮೆ ಬಾ. ಇಲ್ಲಿ ಹಾಸಿಗೆ ಇದೆ, ಜಗಳಕ್ಕೆ ಜನವೂ ಇದ್ದಾರೆ.

ಬೇಕಾದಷ್ಟು ಮಾತಾಡಿ ದಣಿದ, ನಿನ್ನ
ಸಹನಾ

ತಾ.ಕ.: ಇಷ್ಟುದ್ದ ಯಾರಿಗೆ ಬರೀತಿದೀಯ ಎಂದು ಕೇಳಿ ಅತ್ತೆ ಪಕ್ಕದಲ್ಲೇ ಬಂದು ಕುಳಿತಿದ್ದಾರೆ. ತಮ್ಮದೂ ಎರಡು ಮಾತು ಬರೆಯಬೇಕಂತೆ. ಅವರು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ:

"ಹೇಮಾವತಿ, ನೀನು ಯಾರೋ ನಾನು ನೋಡಿಲ್ಲ, ಆದ್ರೆ ನೀನು ಬರೆಯೋ ಪಿಕ್ಚರ್ ಕಥೆಯೆಲ್ಲ ನಂಗೆ ಗೊತ್ತವೆ. ಈ ಹುಡುಗಿ ದಿನಾ ಮಧ್ಯಾಹ್ನ ಕೊಟ್ಟಿಗೇಲಿ ಕುಂತು ಎಮ್ಮೆಗೆ ಹೇಳೋಳು. ಹೀರೋ ಥರ, ವಿಲನ್ ಥರ ದನಿ ಬದಲಾಯಿಸಿ ಹೇಳೋಳು. ನಾನು ಗೋಡೆ ಈಚೆ ಕುಂತು ಕೇಳ್ತಿದ್ದೆ. ಒಳಗೆ ಹೋದ್ರೆ ಎಲ್ಲಿ ನಿಲ್ಲಿಸಿಬಿಡ್ತಾಳೋ ಅಂತ ಹೋಗ್ತಿರ್ಲಿಲ್ಲ. ನಂಗೆ ಹೇಳು ಅಂತ ಹೆಂಗೆ ಕೇಳಾದು? ಅದಕ್ಕೇ ಪಿಕ್ಚರಿಗೆ ಕರ್ಕಂಡು ಹೋದೆ. ಹೋದ ವಾರ ಬ್ಯಾಂಕ್ ಕಳ್ಳನ ಕಥೆ ಹೇಳುವಾಗ ಪಕ್ಕದ ಮನೆ ಬರಗೇರಮ್ಮ ಕೂಗಿದ್ಲು ಅಂತ ಅರ್ಧಕ್ಕೇ ಎದ್ದೋದ್ಲು. ಕಳ್ಳ ಸಿಕ್ಕಿದ್ನಾ? ಎಮ್ಮೇನ ಕೇಳಾಕಾಗ್ತದಾ ನಾನು?"

ಹೇಮಾ, ಬರೆಯುತ್ತಾ ಬರೆಯುತ್ತಾ ನನಗೂ ಇದೆಲ್ಲ ಈಗಲೇ ಗೊತ್ತಾಗಿದ್ದು. ಅಕ್ಷರ ಸೊಟ್ಟಗಾಗಿದ್ದರೆ ಕ್ಷಮಿಸು. ಪೆನ್ನು ಇಡುತ್ತೇನೆ, ಅತ್ತೆಗೆ ಕಳ್ಳನನ್ನು ಹಿಡಿದುಕೊಡಬೇಕು.