ಗೇಟಿನ ಒಳಗಿರುವ ಮಗಳು

ಭಾನುವಾರ, ಮಧ್ಯಾಹ್ನ

ಮುನಿಸಿಕೊಂಡು ಕೂತಿರುವ ನನ್ನ ಅಮ್ಮನಿಗೆ,

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಅಣ್ಣನ ಕೈಲಿ ಈ ಕಾಗದ ಕೊಟ್ಟು ಕಳಿಸುತ್ತಿದ್ದೇನೆ. ಹರಿದು ಹಾಕುವುದಿದ್ದರೂ ಓದಿ ಹರಿ.

ಆ ಕಾರ್ಖಾನೆ ಬಿಡೋ ತನಕ ಮನೆಗೆ ಬರಬೇಡ ಅಂತ ಅಣ್ಣನ ಕೈಲಿ ಹೇಳಿಕಳಿಸಿದೆಯಲ್ಲ, ಉತ್ತರ ಕೇಳು. ಬಿಡುವುದಿಲ್ಲ.

ಶುಕ್ರವಾರ ಬೀದಿಯವರನ್ನೆಲ್ಲ ಕಟ್ಟಿಕೊಂಡು ನಮ್ಮ ಗೇಟಿಗೆ ಬಂದೆಯಲ್ಲ, ಕಂಟ್ರೋಲ್ ರೂಮಿನ ಗಾಜು ದಾಟಿ ಕೇಳಿಸಿದ್ದು ನಿನ್ನೊಬ್ಬಳ ದನಿ. ಮೈಕ್ ತಂದಿದ್ದು ದಂಡ. ಯಾರಮ್ಮ ಅದು, ಏನು ಗಂಟಲು ಅಂತ ಮ್ಯಾನೇಜರು ಕೇಳಿದರು. ನಮ್ಮಮ್ಮ ಅಂದೆ. ಹೆಮ್ಮೆಯಿಂದಲೇ ಅಂದೆ.

ಆದರೆ ಮುಚ್ಚಿಸಿ ಏನು ಮಾಡುತ್ತೀಯ? ಕಸದಲ್ಲಿ ಸಿಗುವ ಪ್ಲಾಸ್ಟಿಕ್ ಬಾಟಲಿಗಳನ್ನು ಯಾರಾದರೂ ಕೊಂಡುಹೋಗುತ್ತಾರೆ. ಜಿಡ್ಡು ಮೆತ್ತಿದ, ಪದರ ಪದರವಾಗಿ ಅಂಟಿಸಿದ ತಿಂಡಿ ಪೊಟ್ಟಣಗಳನ್ನು ಯಾರೂ ಮೂಸಿಯೂ ನೋಡುವುದಿಲ್ಲ. ಇಲ್ಲಿ ಅವನ್ನು ಚೂರು ಮಾಡಿ, ರಿಯಾಕ್ಟರ್ ಅನ್ನುವ ಗಾಳಿಯಾಡದ ಉಕ್ಕಿನ ಹಂಡೆಯಲ್ಲಿ ಕಾಯಿಸುತ್ತೇವೆ. ಅದರ ಆವಿ ತಣಿದು ಎಣ್ಣೆಯಾಗುತ್ತದೆ. ಎಣ್ಣೆ ಶುದ್ಧವಾಗಿದ್ದರೆ ಅದರಿಂದ ಮತ್ತೆ ಹೊಸ ಪ್ಲಾಸ್ಟಿಕ್ಕೇ ಮಾಡಬಹುದು. ಮೊದಲ ಸಲ ಅದು ಸೀಸೆಗೆ ಇಳಿದಾಗ ನಾನು ಅತ್ತುಬಿಟ್ಟಿದ್ದೆ. ನೀನು ಅದನ್ನು ವಿಷ ಬೇಯಿಸೋದು ಅಂತ ಕರೆದರೆ ನನಗೆ ಸಿಟ್ಟು ಬರುತ್ತದೆ, ಅಮ್ಮ.

ಹೋದ ವಾರ ನಮ್ಮ ಹೊಗೆಗೆ ಬೀದಿಯವರ ಕಣ್ಣು ಉರಿದದ್ದು ಸುಳ್ಳಲ್ಲ. ಕಸದ ಜೊತೆ ಪಿವಿಸಿ ಪೈಪಿನ ತುಂಡುಗಳು ಬಂದಿದ್ದವು. ಅವು ಕಾದರೆ ಆಸಿಡ್ ಹೊಗೆ ಏಳುತ್ತದೆ. ಒಂದು ದಿನ ನಿಲ್ಲಿಸಿ, ಆರಿಸಿ ತೆಗೆಯೋಣ ಅಂದೆ. ನೋಡೋಕೆ ದೊಡ್ಡವರು ಬರ್ತಿದಾರೆ, ಓಡ್ತಾನೇ ಇರಬೇಕು ಅಂದರು ಮ್ಯಾನೇಜರು. ಹೊಗೆ ಹೊರಗೆ ಹೋದದ್ದು ಕಂಡ ಮೇಲೆ ಯಾರನ್ನೂ ಕೇಳದೆ ರಿಯಾಕ್ಟರನ್ನು ನಾನೇ ಆಫ್ ಮಾಡಿದೆ, ಆ ದೊಡ್ಡವರ ಎದುರಿಗೇ. ಕ್ಷಮೆ ಕೇಳು ಅಂತ ಈಗ ಮೆಮೊ ಕೊಟ್ಟಿದ್ದಾರೆ. ಕೇಳುವುದಿಲ್ಲ.

ಇನ್ನೊಂದು ವಿಷಯ ಅವರು ಯಾರಿಗೂ ಹೇಳಿಲ್ಲ. ನಮ್ಮ ಎಣ್ಣೆಯ ಹೆಚ್ಚಿನ ಪಾಲು ಹೊಸ ಪ್ಲಾಸ್ಟಿಕ್ ಆಗುವುದೇ ಇಲ್ಲ. ಯಾವುದೋ ಬಾಯ್ಲರಿನಲ್ಲಿ ಸುಟ್ಟುಹೋಗುತ್ತದೆ. ಕಾಂಪೌಂಡ್ ಗೋಡೆ ತುಂಬ ಮಾತ್ರ, ಹಳೆಯದು ಮತ್ತೆ ಹೊಸದಾಗುತ್ತದೆ ಅಂತ ಸಾರುವ, ಸುತ್ತುವ ಹಸಿರು ಬಾಣಗಳ ಚಿತ್ರ. ಕಸವನ್ನು ಸರಿಯಾಗಿ ಆರಿಸಿ, ಎಣ್ಣೆಯನ್ನು ಚೆನ್ನಾಗಿ ಶುದ್ಧ ಮಾಡಿದರೆ ಆ ಚಿತ್ರವನ್ನು ನಿಜ ಮಾಡಬಹುದು. ಅದಕ್ಕೆ ಖರ್ಚಿದೆ, ಅವರಿಗೆ ಮನಸ್ಸಿಲ್ಲ. ನಾನೂ ಎದ್ದು ಬಂದರೆ ಒಳಗೆ ಕೇಳುವವರು ಯಾರು?

ಇವಳಿಗೆ ಇಷ್ಟು ಹಟ ಎಲ್ಲಿಂದ ಬಂತು ಅಂತ ಅಣ್ಣನನ್ನು ಕೇಳಿದೆಯಂತೆ. ಕನ್ನಡಿ ನೋಡಿಕೋ.

ನೀನು ಬೇಡ ಅಂದರೂ ನಿನ್ನವಳೇ ಆದ,
ಮೊಂಡಿ

ಮರೆತಿದ್ದೆ: ನಾಳೆ ಬೆಳಿಗ್ಗೆ ಮತ್ತೆ ಬರುತ್ತೀರಂತೆ. ‘ಮುಚ್ಚಿ’ ಅಂತ ಕೂಗಬೇಡ, ‘ತೋರಿಸಿ’ ಅಂತ ಕೂಗು. ಬೆಳಗಿನ ಪಾಳಿ ನನ್ನದೇ. ಕೆಲಸ ಹೋದರೂ ಸರಿ, ಗೇಟನ್ನು ಒಳಗಿನಿಂದ ನಾನೇ ತೆಗೆಯುತ್ತೇನೆ.