ಎತ್ತದ ಕೈ

ಫೆಬ್ರವರಿ 12, ಶನಿವಾರ

ಪುರಸಭೆ ಚುನಾವಣೆ ಪ್ರಚಾರಕ್ಕೆ ಇವತ್ತೂ ಸಂತೆಯಲ್ಲಿ ಬಟಾಣಿ ಸಾರು ಹಂಚಿದ್ದಾಯಿತು. ಚಳಿಗೆ ಬೆರಳೆಲ್ಲ ಸೆಟೆದುಕೊಂಡಿವೆ. ಸಾರು ಕುಡಿದವರೆಲ್ಲ ಮತ ಹಾಕಿದರೆ ಗೆದ್ದ ಹಾಗೇ.

ಟ್ರೂಸ್ ಬಂದಿದ್ದಳು. ನಮ್ಮೂರ ಆಸ್ಪತ್ರೆಯ ಹೆರಿಗೆ ವಾರ್ಡಿನ ಸೂಲಗಿತ್ತಿ. ನನ್ನನ್ನೂ ತಂಗಿ ಫೆನ್ನಾಳನ್ನೂ ಭೂಮಿಗೆ ಇಳಿಸಿದವಳು. ಅದನ್ನು ಹತ್ತು ಜನರೆದುರು ಹೇಳದಿದ್ದರೆ ಅವಳಿಗೆ ಸಮಾಧಾನವಿಲ್ಲ.

"ನೀನ್ಕೆ ಅಂತ ಹೆಸರಿಡೋ ಮೊದಲೇ ಊರು ಕೇಳೋ ಹಾಗೆ ಕಿರುಚ್ಕೊಂಡು ಬಂದೋಳು ಕಣೇ ನೀನು! ಪುರಸಭೇಲೂ ಹಾಗೇ ಕಿರುಚು. ನನ್ನ ವಾರ್ಡ್ ಮುಚ್ಚೋಕೆ ಬಿಟ್ಟೆಯೋ, ಜೋಕೆ."

ಬಿಡಲ್ಲ ಎಂದೆ. ಮನಸಾರೆ ಎಂದೆ.

ಮಾರ್ಚ್ 17

ಗೆದ್ದೆ! ಪುರಸಭೆ ಸದಸ್ಯೆ. ಹಗಲು ಶಾಲೆಯಲ್ಲಿ ಮಕ್ಕಳಿಗೆ ವ್ಯಾಯಾಮ ಹೇಳಿಕೊಡುವುದು, ಸಂಜೆ ಸಭೆ. ನಿದ್ದೆ ಯಾವಾಗ? ನೋಡೋಣ...

ನವೆಂಬರ್ 24, ಮರುವರ್ಷ

ಇಷ್ಟು ದಿನ ಬರೆಯಲು ಪುರುಸೊತ್ತೇ ಇರಲಿಲ್ಲ. ಹೆರಿಗೆ ವಾರ್ಡ್ ಉಳಿಸಿ ಎಂದು ಊರೂರು ಸೈಕಲ್ ತುಳಿದದ್ದೇ ಆಯಿತು.

ಪಾರ್ಲಿಮೆಂಟ್ ಚುನಾವಣೆಗೆ ಪಕ್ಷ ನನ್ನ ಹೆಸರನ್ನು ಪಟ್ಟಿಯ ತೀರಾ ಕೆಳಗೆ ಹಾಕಿತ್ತು. ಗೆಲ್ಲುವ ಜಾಗವೇ ಅಲ್ಲ. ಆದರೆ ನಮ್ಮ ಜನ ಮತಪತ್ರದ ಮೇಲೆ ಕೆಂಪು ಪೆನ್ಸಿಲ್ ಹಿಡಿದು, ಮೇಲಿನ ಹೆಸರುಗಳನ್ನೆಲ್ಲ ದಾಟಿ ಬಂದು, ನನ್ನ ಹೆಸರಿನ ಮುಂದಿನ ಚುಕ್ಕೆಯನ್ನೇ ತುಂಬಿದ್ದಾರೆ. ಪಾರ್ಲಿಮೆಂಟ್! ನಾನು!

ಫೆನ್ನಾ ಫೋನಿನಲ್ಲಿ: "ಏನಮ್ಮಾ ದೊಡ್ಡ ಮನುಷ್ಯಳೇ, ಹೇಗ್‌ ನಗರದ ಪಾರ್ಲಿಮೆಂಟಿಗೆ ಹೋದ್ಮೇಲೆ ನಮ್ಮ ಫೋನಾದ್ರೂ ಎತ್ತೀಯ?"

ಜನವರಿ 30

ಫೆನ್ನಾ ಮತ್ತೆ ಬಸುರಿ. ಮೊದಲನೆಯದು ಆಪರೇಷನ್ ಆಗಿತ್ತು. ಆದ್ದರಿಂದ ಇಲ್ಲಿ ಹಲವರು ಮಾಡುವಂತೆ ಮನೆಯಲ್ಲೇ ಹೆರುವಂತಿಲ್ಲ, ಆಸ್ಪತ್ರೆಯೇ ಆಗಬೇಕು. ಅವಳೂ ಅವಳ ಗಂಡ ಯಾನ್ ಕೂಡ ಆಗಲೇ ಹೆಸರು ಯೋಚಿಸಿದ್ದಾರೆ: "ಹುಡುಗಿ ಆದ್ರೆ ನಿನ್ನ ಹೆಸರೇ ಕಣೇ. ಯಾನ್ ಕೂಡ ಒಪ್ಪಿದಾರೆ." ರೈಲಿನಲ್ಲಿ ಎಲ್ಲರೆದುರು ಅತ್ತುಬಿಟ್ಟೆ, ಖುಷಿಗೆ.

ಮಾರ್ಚ್ 5

ಸಣ್ಣ ಊರುಗಳ ಹೆರಿಗೆ ವಾರ್ಡ್ ಮುಚ್ಚಿ ದೊಡ್ಡ ಆಸ್ಪತ್ರೆಗಳಿಗೆ ಸೇರಿಸುವ ನಿರ್ಣಯ ಬಂದಿದೆ. ನಮ್ಮದೂ ಅದರಲ್ಲಿದೆ. ನಮ್ಮ ಪಕ್ಷ ಸರ್ಕಾರದಲ್ಲಿದೆ, ಮೈತ್ರಿ ಒಪ್ಪಂದಕ್ಕೆ ಸಹಿ ಬಿದ್ದಿದೆ. ಪಕ್ಷದ ಸಭೆಯಲ್ಲಿ ಕಿರುಚಿದೆ. ಯಾರೂ ತಿರುಗಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಲ್ಲರೂ ಕಾಫಿ ಕಲಕುತ್ತ ಕೂತರು.

ನಮ್ಮ ನಾಯಕ ರೂಲಾಂಡ್ ಆಮೇಲೆ ಹೆಗಲ ಮೇಲೆ ಕೈ ಇಟ್ಟ. "ನಿನ್ನ ಸಂಕಟ ಅರ್ಥ ಆಗುತ್ತೆ ನೀನ್ಕೆ. ಮಂಗಳವಾರ ಮತದಾನಕ್ಕೆ ಬರಲೇಬೇಡ. ಊರಲ್ಲೇ ಇರು. ಯಾರೂ ಏನೂ ಅನ್ನಲ್ಲ."

ಒಳ್ಳೆಯ ಮನುಷ್ಯ ಎನಿಸಿತು. ಬೇರೆ ದಾರಿಯೂ ಕಾಣಲಿಲ್ಲ.

ಮಾರ್ಚ್ 12, ಮಂಗಳವಾರ

ಟ್ರೂಸ್ ಮನೆಯಲ್ಲೇ ಕೂತು ಟಿವಿಯಲ್ಲಿ ಮತದಾನ ನೋಡಿದೆ. ರೂಲಾಂಡ್ ಕೈ ಎತ್ತಿದ. ಸದನದ ಅಧ್ಯಕ್ಷೆ ನಮ್ಮ ಪಕ್ಷದ ಹೆಸರು ಹೇಳಿದಳು: ಪರ. ನಿರ್ಣಯ ಪಾಸಾಯಿತು. ಸಂಜೆಯ ಸುದ್ದಿಯಲ್ಲಿ ಲೆಕ್ಕ ತೋರಿಸಿದರು. ನಮ್ಮ ಪಕ್ಷದ ಎಲ್ಲ ಮತಗಳೂ ಪರ. ಎಲ್ಲವೂ.

ಟ್ರೂಸ್ ನನ್ನತ್ತ ತಿರುಗಿದಳು. "ನೀನು ಇಲ್ಲಿ ನನ್ನ ಸೋಫಾ ಮೇಲೆ ಕೂತಿದ್ದೀಯಲ್ಲೇ. ನಿನ್ನ ಕೈ ಅಲ್ಲಿ ಹೇಗೆ ಎದ್ದಿತು?"

ರೂಲಾಂಡ್‌ಗೆ ಫೋನ್ ಹಚ್ಚಿದೆ. ತಣ್ಣಗೆ ಹೇಳಿದ: "ಕೈ ಎತ್ತಿ ಮತ ಹಾಕುವಾಗ ಪಕ್ಷಕ್ಕೆಲ್ಲ ಒಂದೇ ಕೈ. ಬರದವರೂ ಬಂದ ಲೆಕ್ಕವೇ. ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ. ಹೋಗಿ ಕೂತು 'ಒಬ್ಬೊಬ್ಬರ ಹೆಸರು ಕರೆದು ಮತ ಕೇಳಿ' ಎಂದಿದ್ದರೆ ಸಾಕಿತ್ತಂತೆ. ಒಬ್ಬ ಸದಸ್ಯೆ ಕೇಳಿದರೂ ಕರೆಯಲೇಬೇಕಂತೆ. ಆಗ ನನ್ನ ಮತ ನನ್ನದಾಗುತ್ತಿತ್ತು. ಹೋಗಿಲ್ಲವಲ್ಲ, ಅಯ್ಯೋ, ಹೋಗಿಲ್ಲವಲ್ಲ ನಾನು.

ಟ್ರೂಸ್ ಎದ್ದು ಹೋಗಿ ನನ್ನ ಕೋಟು ತಂದು ಕೊಟ್ಟಳು.

ಜುಲೈ 2

ವಾರ್ಡಿಗೆ ಬೀಗ. ಟ್ರೂಸ್ ನಿವೃತ್ತಳಾದಳು. ನಾನು ಕರೆ ಮಾಡಿದರೆ ಎತ್ತುವುದಿಲ್ಲ.

ಸೆಪ್ಟೆಂಬರ್ 24, ಮಂಗಳವಾರ

ಮತದಾನದ ನಡುವೆ ಜೇಬಿನಲ್ಲಿ ಫೋನ್ ನಡುಗಿತು. ಯಾನ್. ಎತ್ತಲಿಲ್ಲ. ಮತ್ತೆ ನಡುಗಿತು. ಈಗ ಒಂದು ಮತದಾನವನ್ನೂ ತಪ್ಪಿಸುವುದಿಲ್ಲ ನಾನು. ತಪ್ಪಿಸಿಕೊಂಡು ಪಾಠ ಕಲಿತಿದ್ದೇನೆ. ಕೂತೇ ಇದ್ದೆ.

ಹೊರಗೆ ಬಂದು ಫೋನ್ ಮಾಡಿದೆ. ಫೆನ್ನಾಳನ್ನು ದೊಡ್ಡ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿ, ಹಾಯಿದೋಣಿಗಳಿಗೆ ದಾರಿ ಬಿಡಲು ಕಾಲುವೆಯ ಸೇತುವೆ ಮೇಲೆತ್ತಿದ್ದರಂತೆ. ಕಾರುಗಳ ಸಾಲಿನಲ್ಲೇ, ಹಿಂದಿನ ಸೀಟಿನಲ್ಲಿ... ಭಯಕ್ಕೆ ಜೊತೆಗೆ ಟ್ರೂಸ್‌ಳನ್ನು ಕರೆದುಕೊಂಡು ಹೊರಟಿದ್ದರು, ಪುಣ್ಯ. ಮಗು ನೀಲಿಯಾಗಿತ್ತಂತೆ. ಟ್ರೂಸ್ ಬೆನ್ನು ಉಜ್ಜಿ ಉಜ್ಜಿ ಅಳಿಸಿದಳಂತೆ. ಹುಡುಗಿ. ತಾಯಿಯೂ ಮಗುವೂ ಕ್ಷೇಮ.



ಸೆಪ್ಟೆಂಬರ್ 28, ಶನಿವಾರ

ಮಗು ನೋಡಲು ಹೋದೆ. ಯಾನ್ ಗುಲಾಬಿ ಬಣ್ಣದ ಸಕ್ಕರೆ ಸೋಂಪು ಉದುರಿಸಿದ ಗರಿಗರಿ ರಸ್ಕ್ ತಂದಿಟ್ಟ. ಹೆಣ್ಣುಮಗು ಹುಟ್ಟಿದ ಎಲ್ಲ ಮನೆಗಳಲ್ಲಿ ಕೊಡುವಂತೆ. ಫೆನ್ನಾ ನಕ್ಕಳು ಕೂಡ. ಜಗಳವಾಡಿದ್ದರೆ ನನಗೂ ಮಾತು ಬರುತ್ತಿತ್ತು.

ಮಗುವನ್ನು ಎತ್ತಿಕೊಂಡು, "ಏನೇ ಪುಟ್ಟ ನೀನ್ಕೆ" ಎಂದೆ.

ಯಾನ್ ಕಿಟಕಿ ಕಡೆ ನೋಡಿದ. ಫೆನ್ನಾ ಮೆಲ್ಲಗೆ ಹೇಳಿದಳು: "ಅಕ್ಕಾ... ಅವಳ ಹೆಸರು ಟ್ರೂಸ್. ಕಾರಲ್ಲೇ ತೀರ್ಮಾನ ಮಾಡಿದ್ವಿ. ಬೇಜಾರು ಮಾಡ್ಕೋಬೇಡ, ಆಯ್ತಾ?"

ಚೆನ್ನಾಗಿದೆ ಎಂದೆ. ರಸ್ಕ್ ಪೂರ್ತಿ ತಿಂದೆ.

ಅಕ್ಟೋಬರ್ 1, ಮಂಗಳವಾರ

ಇವತ್ತು ನಿರ್ಣಯಗಳ ಸಾಲೇ ಸಾಲು. ರೂಲಾಂಡ್ ಎತ್ತಿದಾಗ ನಾನೂ ಎತ್ತಿದೆ, ಇಳಿಸಿದಾಗ ಇಳಿಸಿದೆ. ನಡುವೆ ಒಂದು ನಿರ್ಣಯ ಯಾವುದರ ಬಗ್ಗೆ ಎಂದು ಪಕ್ಕದವಳನ್ನು ಕೇಳೋಣ ಎಂದುಕೊಂಡೆ. ಅಷ್ಟರಲ್ಲಿ ಕೈ ಆಗಲೇ ಮೇಲೆದ್ದಿತ್ತು.