ಜೊಂಡು ಕಿತ್ತ ಜೌಗಿನ ಪರವಾಗಿ, ನನ್ನದೇ ಹಳೆಯ ಮನವಿಯ ವಿರುದ್ಧ

ಮಾನ್ಯ ಪುನಶ್ಚೇತನಾಧಿಕಾರಿಗಳೇ,

ನಮ್ಮ ಬೀದಿಯ ಹಿಂದಿನ ಜೌಗಿನ ಪಶ್ಚಿಮಾರ್ಧವನ್ನು ತಾವು ಎರಡು ವರ್ಷಗಳ ಹಿಂದೆಯೇ ಪುನಶ್ಚೇತನಗೊಳಿಸಿದ್ದೀರಿ. ಉಳಿದರ್ಧಕ್ಕೆ ಬರುವ ಸೋಮವಾರ ಯಂತ್ರಗಳು ಇಳಿಯಲಿವೆಯೆಂದು ಫಲಕ ಹೇಳುತ್ತಿದೆ. ದಯವಿಟ್ಟು ಇಳಿಸಬೇಡಿ. ಒಂದು ಪುನಶ್ಚೇತನದಿಂದಲೇ ನಾವು ಸಾಕಷ್ಟು ಬಳಲಿದ್ದೇವೆ.

ತಮ್ಮ ಕೆಲಸ ಅಚ್ಚುಕಟ್ಟಾಗಿದೆಯೆಂಬುದನ್ನು ಮೂವತ್ತನಾಲ್ಕು ವರ್ಷ ಮಕ್ಕಳ ಬರಹ ತಿದ್ದಿದ ನಾನು ಒಪ್ಪಲೇಬೇಕು. ಜೊಂಡುಹುಲ್ಲನ್ನು ಬೇರುಸಹಿತ ಕಿತ್ತು, ಕೆಸರು ತೆಗೆದು, ದಂಡೆಗೆ ಕಲ್ಲು ಕಟ್ಟಿಸಿ, ತಳಕ್ಕೆ ಕಾಂಕ್ರೀಟ್ ಹಾಸಿ, ನಡುವೆ ಕಾರಂಜಿಯನ್ನೂ ನಿಲ್ಲಿಸಿದ್ದೀರಿ. ಜೌಗೊಂದನ್ನು ಬಿಟ್ಟು ಅಲ್ಲೀಗ ಎಲ್ಲವೂ ಇದೆ. ‘ಬದಲಾಗುತ್ತಿರುವ ಹವಾಮಾನವನ್ನು ಎದುರಿಸಲು’ ಎಂದು ಫಲಕದಲ್ಲಿ ಬರೆಸಿದ್ದೀರಿ. ಹವಾಮಾನಕ್ಕೆ ಫಲಕ ಓದುವ ಅಭ್ಯಾಸ ಇದ್ದಂತಿಲ್ಲ. ಹಿಂದೆ ವಾರವಿಡೀ ಬೀಳುತ್ತಿದ್ದ ಮಳೆ ಕಳೆದ ತಿಂಗಳು ಒಂದೇ ಮಧ್ಯಾಹ್ನ ಸುರಿಯಿತು. ತಮ್ಮ ಕೊಳ ಅರ್ಧ ಗಂಟೆಯಲ್ಲಿ ತುಂಬಿತು. ಮಿಕ್ಕ ನೀರು ನಮ್ಮ ಮನೆಗೆ ಬಂದಿತು.

ಕೆಳಗಿನ ಕೋಣೆಯಲ್ಲಿ ನನ್ನ ತಂಗಿ ಮಲಗಿರುತ್ತಾಳೆ. ಸೊಂಟ ಮುರಿದ ಮೇಲೆ ಅವಳು ಮೆಟ್ಟಿಲು ಹತ್ತಲಾರಳು. ನೀರು ಮಂಚದ ಪಟ್ಟಿ ಮುಟ್ಟಿದಾಗ ಅವಳನ್ನು ಬೆನ್ನ ಮೇಲೆ ಹೊತ್ತು ಮಹಡಿಗೆ ತಂದವಳು, ಜೊಂಡಿನ ಚಾಪೆ ಹೆಣೆಯುವ ನೆರೆಮನೆಯಾಕೆ. ಅತಿಕ್ರಮಣದ ನೋಟಿಸು ಕೊಟ್ಟು ತಾವು ಜೌಗಿನಿಂದ ಹೊರಗಟ್ಟಿದ ಅದೇ ಹೆಂಗಸು.

“ನಿಧಾನ ಕಣೇ, ಇನ್ನೊಂದು ಕಡೇನೂ ಮುರಿದೀಯ” ಎಂದಳು ತಂಗಿ.

“ಸುಮ್ನಿರಿ ಅಕ್ಕಾ, ಜೊಂಡಿನ ಹೊರೆ ನಿಮಗಿಂತ ಭಾರ. ಅದು ಮಾತಾಡಲ್ಲ, ಅಷ್ಟೇ.” ತಂಗಿಯನ್ನು ಕೂರಿಸಿ ಆಕೆ ನನ್ನತ್ತ ತಿರುಗಿದಳು. “ಟೀಚರಮ್ಮ, ಆ ಕಡೆ ನೀರಿಗೆ ಕೂರೋಕೆ ಜಾಗ ಉಳಿದಿಲ್ಲ. ಈ ಕಡೆ ಜೊಂಡನ್ನೂ ಕಿತ್ರೆ, ಮುಂದಿನ ಸಲ ನಾನು ಓಡಿ ಬರೋದ್ರೊಳಗೆ ನೀರು ಬಂದಿರುತ್ತೆ.”

ಆಕೆ ವರ್ಷಕ್ಕೆ ಮೂರನೆಯ ಒಂದು ಪಾಲು ಜೊಂಡನ್ನು ಮಾತ್ರ ಕೊಯ್ಯುತ್ತಿದ್ದಳು, ಬೇರು ಮುಟ್ಟುತ್ತಿರಲಿಲ್ಲ. ಆ ಬೇರುಗಳ ನಡುವಣ ಕೆಸರು ಮಳೆಯನ್ನು ಹಿಡಿದಿಟ್ಟುಕೊಂಡು ಬೇಸಿಗೆಯವರೆಗೂ ನಮ್ಮ ಬಾವಿಗಳಿಗೆ ನೀರು ಬಿಡುತ್ತಿತ್ತು. ಈ ಬೇಸಿಗೆಯಲ್ಲಿ ಪಶ್ಚಿಮದ ಬಾವಿಗಳು ಮೊದಲ ಬಾರಿಗೆ ಬತ್ತಿದವು. ಪ್ರವಾಹವನ್ನೂ ಬರವನ್ನೂ ಒಂದೇ ಕಾಮಗಾರಿಯಲ್ಲಿ ಒದಗಿಸಿದ ಕಚೇರಿ ಬೇರೆಲ್ಲಾದರೂ ಇದೆಯೇ?

ಇದನ್ನೇ ಕೇಳಲು ಛತ್ರಿ ಹಿಡಿದು, ತಲೆಯೆತ್ತಿಕೊಂಡು ತಮ್ಮ ಕಚೇರಿಗೆ ಬಂದಿದ್ದೆ. ಗುಮಾಸ್ತರು ಕಡತ ಬಿಡಿಸಿ ಮುಂದೆ ತಳ್ಳಿದರು. “ಇದು ನಿಮ್ಮ ಅಕ್ಷರಾನೇ ಅಲ್ವಾ ಮೇಡಂ? ನೀವು ಹೇಳಿದ್ದನ್ನೇ ನಾವು ಮಾಡಿರೋದು.”

ಅಕ್ಷರ ನನ್ನದೇ. ಇಪ್ಪತ್ತೇಳು ವರ್ಷಗಳ ಹಿಂದೆ, ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ, ಸೊಳ್ಳೆಗಳ ಮೇಲಿನ ಸಿಟ್ಟಿಗೆ ಬರೆದ ಮನವಿ: ‘ಈ ನಿರುಪಯುಕ್ತ ಜೌಗಿನ ಜೊಂಡನ್ನು ನಿರ್ಮೂಲ ಮಾಡಿ, ತಳವನ್ನು ಗಟ್ಟಿಗೊಳಿಸಬೇಕಾಗಿ ಕೋರಿಕೆ.’ ವಾಕ್ಯರಚನೆ ನಿರ್ದುಷ್ಟವಾಗಿದೆ. ವಿಚಾರ ಮಾತ್ರ ಪೂರ್ತಿ ತಪ್ಪು. ಅದೇ ಶಾಲೆಗೆ ಶೌಚಾಲಯ ಬೇಡಿ ನಾನು ಬರೆದ ಹನ್ನೊಂದು ಪತ್ರಗಳು ತಮ್ಮಲ್ಲಿ ಒಂದೂ ಸಿಗಲಿಲ್ಲವಂತೆ. ಜೀವನದಲ್ಲಿ ಒಮ್ಮೆ ತಿಳಿಯದೆ ಬರೆದೆ, ಸರಕಾರ ಅದನ್ನೇ ಜೋಪಾನ ಮಾಡಿತು.

ಆದುದರಿಂದ ಆ ಮನವಿಯನ್ನು ಈ ಮೂಲಕ ಹಿಂತೆಗೆದುಕೊಂಡಿದ್ದೇನೆ. ಅದರ ಪ್ರತಿಗೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಲಗತ್ತಿಸಿದೆ. ತಾವು ಪಶ್ಚಿಮದ ಕಾಂಕ್ರೀಟನ್ನು ಒಡೆಸಬೇಕು. ಪೂರ್ವದ ಜೊಂಡಿನಿಂದ ಗೆಡ್ಡೆ ತಂದು ಅಲ್ಲಿ ನೆಡಿಸಬೇಕು. ಎಲ್ಲಿ, ಎಷ್ಟು ಎಂಬುದನ್ನು ಆ ಅತಿಕ್ರಮಣಕಾರಿಣಿಯನ್ನು ಕೂರಿಸಿ, ಮರ್ಯಾದೆಯಿಂದ ಕೇಳಿ ತಿಳಿಯಬೇಕು. ಅದಾಗದೆ ಸೋಮವಾರ ಯಂತ್ರಗಳೇ ಬರುವುದಾದರೆ, ದಾರಿಯ ನಡುವೆ ಎರಡು ಕುರ್ಚಿಗಳಿರುತ್ತವೆ. ಒಂದರಲ್ಲಿ ನಾನಿರುತ್ತೇನೆ, ಗದರಿಸಿದರೆ ಎದ್ದೇನು. ಇನ್ನೊಂದರಲ್ಲಿ ನನ್ನ ತಂಗಿ. ಅವಳಿಗೆ ಏಳಲು ಬರುವುದಿಲ್ಲ.

ಇಂತಿ,
ತಮ್ಮ ಕಡತದಲ್ಲಿನ ದುಂಡಕ್ಷರದ ಅಪರಾಧಿ,
ನಿವೃತ್ತ ಮುಖ್ಯೋಪಾಧ್ಯಾಯಿನಿ